ಪ್ರಾಣಿ ಇಲ್ಲ ಅಂತ ಸರ್ಕಸ್ ಬಿಡಬೇಡಿ, ಭಾನುವಾರ ಕೊನೆ ಆಟ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಮೈಸೂರಿನವರೊಬ್ಬರು ಬರೆದಿದ್ದರು. ಈಗ ಮೈಸೂರಿನಲ್ಲಿ ಟೆಂಟ್ ಹಾಕಿರುವ ಸರ್ಕಸ್‌ನಲ್ಲಿ ಆನೆ ಇಲ್ಲ, ಹುಲಿ ಇಲ್ಲ, ಸಿಂಹ ಇಲ್ಲ, ದುಡ್ಡು ಕೊಟ್ಟು ಏನು ನೋಡೋದು ಅಂತ. ಅವರು ಟೆಂಟಿನ ಒಳಗೆ ಕಾಲಿಟ್ಟೇ ಇಲ್ಲ ಅನ್ನೋದು ಪತ್ರದಲ್ಲೇ ಗೊತ್ತಾಗುತ್ತದೆ. ಟಿಕೆಟ್ ಕೌಂಟರಿನಲ್ಲಿ ವಿಚಾರಿಸಿ ವಾಪಸ್ ಬಂದಿದ್ದಾರೆ. ಮದುವೆ ಮನೆಗೆ ಹೋಗಿ ಊಟ ಮಾಡದೆ ಚಪ್ಪರ ನೋಡಿಕೊಂಡು ಬಂದ ಹಾಗಾಯಿತು. ನಾನು ಒಳಗೆ ಕೂತು ಪೂರ್ತಿ ನೋಡಿ ಬಂದವನು. ಅದಕ್ಕೇ ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹಾಕುವುದಿಲ್ಲ. ಹಾಕಿದರೆ ಜಾಹೀರಾತು ಅಂತ ನೀವು ಕತ್ತರಿ ಆಡಿಸುತ್ತೀರಿ. ಮೈಸೂರಿನಲ್ಲಿ ಈಗಿರುವುದು ಒಂದೇ ಸರ್ಕಸ್, ಯಾವ ಆಟೋದವರನ್ನು ಕೇಳಿದರೂ ಬಿಡುತ್ತಾರೆ. ಬರುವ ಭಾನುವಾರ ಕೊನೆ ಆಟ. ಮುಂದಿನ ಊರು ಯಾವುದು ಅಂತ ಮ್ಯಾನೇಜರ್‌ನ ಕೇಳಿದೆ. "ಮುಂದಿನ ಊರು ಇಲ್ಲ ಸಾರ್. ಗೋಡೌನ್" ಅಂದರು. ನಾನು ಹುಟ್ಟುವುದಕ್ಕೂ ಮುಂಚಿನಿಂದ ಊರೂರು ಸುತ್ತಿದ ಕಂಪನಿ ಅದು. ಟೆಂಟ್ ಬಿಚ್ಚಿ ಮಡಚಿಟ್ಟ ಮೇಲೆ ಮತ್ತೆ ಎದ್ದರೆ ಎದ್ದೀತು, ಇಲ್ಲದಿದ್ದರೆ ಇಲ್ಲ.

ನನ್ನದು ಮಂಡ್ಯದ ಗುತ್ತಲು ರಸ್ತೆಯಲ್ಲಿ ಶಾಮಿಯಾನ ಅಂಗಡಿ. ಮದುವೆ, ನಾಮಕರಣ, ಬೀಗರೂಟ, ತಿಥಿ, ರಾಜಕೀಯ ಸಭೆ, ಎಲ್ಲದಕ್ಕೂ ಹಾಕುತ್ತೇವೆ. ಹಾಗಾಗಿ ಟೆಂಟಿನೊಳಗೆ ಹೋದ ತಕ್ಷಣ ಎಲ್ಲರೂ ರಿಂಗ್ ಕಡೆ ನೋಡಿದರೆ ನಾನು ಚಾವಣಿ ನೋಡುತ್ತೇನೆ. ಕಸುಬಿನ ಚಾಳಿ.

ನಾವು 18 ಅಡಿ ಅಗಲ, 36 ಅಡಿ ಉದ್ದದ ಶಾಮಿಯಾನವನ್ನು ನಾಲ್ಕು ಹುಡುಗರನ್ನು ಇಟ್ಟುಕೊಂಡು ಅರ್ಧ ಗಂಟೆಯಲ್ಲಿ ಎಬ್ಬಿಸಿಬಿಡುತ್ತೇವೆ. ಇಲ್ಲಿ ಬರೀ ಗೂಟ ಹೊಡೆಯುವುದಕ್ಕೇ ದಿನಗಟ್ಟಲೆ ಹಿಡಿಯುತ್ತದೆ. ನಾಲ್ಕು ದೊಡ್ಡ ಕಬ್ಬಿಣದ ಕಂಬ. ಕಂಬದ ತುದಿಯಲ್ಲಿ ರಾಟೆ. ಟಾರ್ಪಾಲಿನ ತುಂಡುಗಳನ್ನು ನೆಲದ ಮೇಲೇ ಹಾಸಿ, ಅಂಚಿನ ತೂತುಗಳಿಗೆ ಹಗ್ಗ ಪೋಣಿಸಿ ಒಂದು ಮಾಡಿ, ಆಮೇಲೆ ಇಡೀ ಚಾವಣಿಯನ್ನು ಒಂದೇ ಸಲ ಮೇಲಕ್ಕೆ ಎಳೆಯುತ್ತಾರೆ. ಸುತ್ತ ಹೊಡೆದಿರುವ ಕಬ್ಬಿಣದ ಗೂಟ ಒಂದೊಂದೂ ನನ್ನ ಸೊಂಟದುದ್ದ. ಮುಕ್ಕಾಲು ಪಾಲು ನೆಲದೊಳಗೆ. ತಲೆ ಹೊರಗಡೆಗೆ ವಾಲಿರುವ ಹಾಗೆ ಹೊಡೆದಿದ್ದಾರೆ. ಟ್ರಪೀಸ್ ಅಂದರೆ ಎತ್ತರದ ಉಯ್ಯಾಲೆಗಳಲ್ಲಿ ತೂಗಿ ಹಾರುವ ಆಟ, ಅದರ ತಂತಿಗಳಿಗೆ ಬೇರೆಯೇ ಗೂಟ. ಒಂದರ ಹಿಂದೆ ಒಂದರಂತೆ ಮೂರು, ಒಂದಕ್ಕೊಂದು ಸರಪಳಿ ಬಿಗಿದು. ಮುಂದಿನದು ಸಡಿಲವಾದರೂ ಹಿಂದಿನದು ಹಿಡಿದುಕೊಳ್ಳಲಿ ಅಂತ.

ಆಟಕ್ಕೆ ಮುಂಚೆ ಹೊರಗೆ ಸುತ್ತಾಡುತ್ತಾ ಒಂದು ಗೂಟವನ್ನು ಕಾಲಲ್ಲಿ ಒತ್ತಿ ನೋಡುತ್ತಿದ್ದೆ. ವಯಸ್ಸಾದ ಒಬ್ಬರು ಸುತ್ತಿಗೆ ಹಿಡಿದುಕೊಂಡೇ ಬಂದರು. ಟೆಂಟಿನ ಉಸ್ತುವಾರಿ ಅವರದ್ದೇ. ಮಲಯಾಳ, ಹಿಂದಿ, ಕನ್ನಡ ಮೂರೂ ಸೇರಿಸಿ ಬೈದರು. ನಾನೂ ಟೆಂಟ್ ಹಾಕುವವನೇ, ಮಂಡ್ಯ, ಅಂದೆ. ಅಲ್ಲಿಂದ ಮಾತೇ ಬೇರೆಯಾಯಿತು. ರಾತ್ರಿ ಮಂಜು ಬಿದ್ದರೆ ನೀವು ಯಾವ ಹೊತ್ತಿಗೆ ಹಗ್ಗ ನೋಡುತ್ತೀರಿ ಅಂತ ಅವರೇ ಕೇಳಿದರು. ಹಿಂದೆ ಸೆಣಬಿನ ಹಗ್ಗ ಇತ್ತು, ನೆಂದರೆ ಬಿಗಿಯಾಗುತ್ತಿತ್ತು, ಮಳೆ ಬಂದ ಕೂಡಲೇ ಓಡಿ ಹೋಗಿ ಸಡಿಲ ಮಾಡಬೇಕಿತ್ತು. ಈಗ ನೈಲಾನ್, ಇದು ನೆಂದರೆ ಸಡಿಲವಾಗುತ್ತದೆ, ಓಡಿ ಹೋಗಿ ಬಿಗಿ ಮಾಡಬೇಕು. "ಅದಕ್ಕೂ ಓಟ, ಇದಕ್ಕೂ ಓಟ" ಅಂದರು. ನಮ್ಮ ಅಂಗಡಿ ಹುಡುಗರಿಗೆ ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಆ ಮನುಷ್ಯ ಪ್ರತಿ ಆಟಕ್ಕೆ ಮುಂಚೆ ಟ್ರಪೀಸಿನ ಒಂದೊಂದು ತಂತಿಯನ್ನೂ ಕೈಯಿಂದ ಮಿಡಿದು ನೋಡುತ್ತಾರೆ. ನನ್ನ ಕಣ್ಣೆದುರೇ ಒಂದನ್ನು ಮತ್ತೆ ತಿರುಗಿಸಿ ಬಿಗಿ ಮಾಡಿದರು. ನನಗಂತೂ ಟಿಕೆಟ್ ದುಡ್ಡು ಅಲ್ಲೇ ವಸೂಲಾಯಿತು.

ಈಗ ಪ್ರಾಣಿಗಳ ವಿಷಯಕ್ಕೆ ಬರುತ್ತೇನೆ. ನಾನು ಹೊಳಲಿನಲ್ಲಿ ಬೆಳೆದವನು. ಚಿಕ್ಕವನಿದ್ದಾಗ ಕಬ್ಬಿನ ದುಡ್ಡು ಕೈಗೆ ಬರುವ ಹೊತ್ತಿಗೆ ಮಂಡ್ಯಕ್ಕೆ ಸರ್ಕಸ್ ಬರುತ್ತಿತ್ತು. ರಾತ್ರಿ ಊರಾಚೆ ನಿಂತರೆ ಅದರ ಸರ್ಚ್‌ಲೈಟ್ ಆಕಾಶದಲ್ಲಿ ಸುತ್ತುವುದು ಕಾಣುತ್ತಿತ್ತು. ಪೋಸ್ಟರ್ ಬೇಕಾಗಿರಲಿಲ್ಲ. ಅಪ್ಪ ಗಾಡಿ ಕಟ್ಟುತ್ತಿದ್ದರು. ಟೆಂಟಿನ ಹಿಂದೆ ಬೋನುಗಳ ಸಾಲು. ಸಿಂಹ ಎರಡು ಹೆಜ್ಜೆ ಹೋಗಿ ತಿರುಗುತ್ತಿತ್ತು, ಎರಡು ಹೆಜ್ಜೆ ಬಂದು ತಿರುಗುತ್ತಿತ್ತು. ತಿರುಗುವ ಜಾಗದಲ್ಲಿ ಅದರ ಮೈ ಉಜ್ಜಿ ಉಜ್ಜಿ ಕಂಬಿಯ ಬಣ್ಣವೇ ಹೋಗಿತ್ತು. ಒಳಗೆ ರಿಂಗಿನಲ್ಲಿ ಅದೇ ಸಿಂಹ ಬೆಂಕಿಯ ಬಳೆಯೊಳಗೆ ಹಾರಿದಾಗ ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಆದರೆ ಇವತ್ತಿಗೂ ನೆನಪಿರುವುದು ಆ ಕಂಬಿ.

1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಈ ಐದನ್ನು ಪಳಗಿಸಿ ಆಡಿಸಬಾರದು ಅಂತ ಆದೇಶ ಹೊರಡಿಸಿತು. ಸರ್ಕಸ್‌ನವರು ಕೋರ್ಟಿಗೆ ಹೋದರು. 2001ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆದೇಶವನ್ನೇ ಎತ್ತಿಹಿಡಿಯಿತು. ಸರ್ಕಸ್‌ಗಳಿಂದ ಬಿಡಿಸಿದ ಎಷ್ಟೋ ಸಿಂಹ, ಹುಲಿಗಳು ನಮ್ಮ ಬನ್ನೇರುಘಟ್ಟಕ್ಕೇ ಬಂದವು. 2013ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಸರ್ಕಸ್‌ನಲ್ಲಿ ಆನೆ ಇಟ್ಟುಕೊಳ್ಳುವುದನ್ನೂ ತಡೆಯಿತು. ಇದೆಲ್ಲ ಆಗಬೇಕಾದದ್ದೇ. ಇದರಲ್ಲಿ ನನಗೆ ಎರಡು ಮಾತಿಲ್ಲ. ಸಿಂಹವನ್ನೇ ನೋಡಬೇಕು ಅನ್ನುವವರಿಗೆ ಮೈಸೂರಿನಲ್ಲಿ 1892ರಿಂದ ಮೃಗಾಲಯ ಇದೆಯಲ್ಲ. ಸಿಟಿ ಬಸ್ಸು ಅಲ್ಲಿಗೂ ಹೋಗುತ್ತದೆ.

ಪ್ರಾಣಿ ಇಲ್ಲದಿದ್ದರೆ ಅದು ಸರ್ಕಸ್ಸೇ ಅಲ್ಲ ಅನ್ನುವ ಮಾತು ಇದೆಯಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಇವತ್ತಿನ ಸರ್ಕಸ್ ಶುರುವಾಗಿದ್ದು 1768ರಲ್ಲಿ, ಲಂಡನ್ನಿನಲ್ಲಿ. ಫಿಲಿಪ್ ಆಸ್ಟ್ಲಿ ಅನ್ನುವ ಹಳೇ ಸೈನಿಕ ಓಡುವ ಕುದುರೆಯ ಬೆನ್ನ ಮೇಲೆ ನಿಂತು ಸುತ್ತು ಹೊಡೆದು ತೋರಿಸಿದ. ಸುತ್ತು ತೀರಾ ಸಣ್ಣದಾದರೆ ಕುದುರೆ ಓಡಲ್ಲ, ದೊಡ್ಡದಾದರೆ ಮೇಲೆ ನಿಂತವನು ಒಳಕ್ಕೆ ವಾಲಿ ತೂಕ ಹಿಡಿಯಕ್ಕಾಗಲ್ಲ. ಅದಕ್ಕೆ ಸರಿಹೊಂದಿದ್ದು 42 ಅಡಿ ಅಗಲದ ರಿಂಗು. ಇವತ್ತಿಗೂ ಸರ್ಕಸ್ ರಿಂಗಿನ ಅಳತೆ ಅದೇ. ಮೈಸೂರಿನ ಟೆಂಟಿನಲ್ಲಿ ಕುದುರೆ ಇಲ್ಲ. ಆದರೂ ನಾನು ಕಣ್ಣಳತೆಯಲ್ಲಿ ನೋಡಿದೆ, ನಮ್ಮ ಶಾಮಿಯಾನದ ಉದ್ದಕ್ಕಿಂತ ಆರಡಿ ಜಾಸ್ತಿ. ಸಿಂಹ, ಹುಲಿ ರಿಂಗಿಗೆ ಇಳಿದದ್ದು ಅದೆಷ್ಟೋ ವರ್ಷ ಆದಮೇಲೆ, 19ನೇ ಶತಮಾನದಲ್ಲಿ. ಮಧ್ಯೆ ಬಂದವು, ಮಧ್ಯೆ ಹೋದವು.

ನಮ್ಮ ದೇಶದ ಕಥೆಯೂ ಕುದುರೆಯಿಂದಲೇ. 1879ರಲ್ಲಿ ಕಿಯಾರಿನಿ ಅನ್ನುವ ಇಟಲಿಯವನ ಸರ್ಕಸ್ ಮುಂಬೈಗೆ ಬಂದಿತ್ತು. ಇದೆಲ್ಲ ಭಾರತದವರಿಂದ ಆಗುವ ಕೆಲಸವಲ್ಲ ಅನ್ನುವ ಮಾತು ಬಂತಂತೆ. ಕುರುಂದವಾಡ ಸಂಸ್ಥಾನದಲ್ಲಿ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ವಿಷ್ಣುಪಂತ ಛತ್ರೆ ಸುಮ್ಮನಿರಲಿಲ್ಲ. ಮರುವರ್ಷವೇ, 1880ರ ಮಾರ್ಚ್ 20ರಂದು, ಗ್ರೇಟ್ ಇಂಡಿಯನ್ ಸರ್ಕಸ್ ಆಡಿಸಿಬಿಟ್ಟರು. ಆಮೇಲೆ ಅವರ ಕಂಪನಿ ಕೇರಳದ ತಲಶ್ಶೇರಿಗೆ ಹೋದಾಗ ಕೀಲೇರಿ ಕುಂಞಿಕಣ್ಣನ್ ಅನ್ನುವ ಕಳರಿ (ಅಲ್ಲಿನ ಕಾಳಗದ ವಿದ್ಯೆ) ಗುರುಗಳಿಗೆ ಇದರ ಹುಚ್ಚು ಹತ್ತಿತು. ಅವರು 1901ರಲ್ಲಿ ಅಲ್ಲೇ ಚಿರಕ್ಕರದಲ್ಲಿ ಸರ್ಕಸ್ ಶಾಲೆ ತೆರೆದರು. ಕೊಡಗಿನ ಘಟ್ಟ ಇಳಿದರೆ ಸಿಗುವ ಊರು ಅದು. ದೇಶದ ಅರ್ಧಕ್ಕರ್ಧ ಸರ್ಕಸ್‌ಗಳಿಗೆ ಜನ ಅಲ್ಲಿಂದಲೇ ಬಂದರು ಅಂತ ಹೇಳುತ್ತಾರೆ. ಜೆಮಿನಿ ಸರ್ಕಸ್ ಕಟ್ಟಿದ ಶಂಕರನ್ ಅದೇ ಕಡೆಯವರು. 6,000 ರೂಪಾಯಿಗೆ ಒಂದು ಸೊರಗಿದ ಕಂಪನಿ ಕೊಂಡು 1951ರಲ್ಲಿ ಗುಜರಾತಿನ ಬಿಲಿಮೋರಾದಲ್ಲಿ ಜೆಮಿನಿ ಶುರು ಮಾಡಿದರು. 2023ರಲ್ಲಿ ತೀರಿಕೊಂಡಾಗ ಅವರಿಗೆ ನೂರರ ಹತ್ತಿರ ವಯಸ್ಸು. ಇವರೆಲ್ಲ ಮೊದಲು ನಂಬಿದ್ದು ಮೈಯನ್ನು. ಪ್ರಾಣಿ ಆಮೇಲೆ.

ಆ ಮೈ ಏನು ಮಾಡಬಲ್ಲದು ಅನ್ನುವುದನ್ನೇ ನೋಡಿ ಅಂತ ನಾನು ಹೇಳುತ್ತಿರುವುದು.

ಟ್ರಪೀಸ್ ಕೊನೆಗೆ ಇರುತ್ತದೆ. ಅದಕ್ಕೆ ಮುಂಚೆ ಬಲೆ ಕಟ್ಟುತ್ತಾರೆ. ಹತ್ತು ನಿಮಿಷದೊಳಗೆ ರಿಂಗಿನ ಮೇಲೆ ಬಲೆ ಹರಡಿ ಎಂಟೂ ಕಡೆಯಿಂದ ಎಳೆದು ಬಿಗಿದದ್ದು ನೋಡಿ ನಾನೊಬ್ಬನೇ ಚಪ್ಪಾಳೆ ಹೊಡೆದೆ. ನನ್ನ ಹೆಂಡತಿ ಕೈ ಹಿಡಿದು ಕೂರಿಸಿದಳು. ಆಮೇಲೆ ಒಂದು ಕಡೆ ಕ್ಯಾಚರ್, ಅಂದರೆ ಹಾರಿ ಬಂದವರನ್ನು ಹಿಡಿಯುವವನು, ಹತ್ತಿದ. ಗಟ್ಟಿಮುಟ್ಟಾದ ಆಳು, ನಲವತ್ತು ದಾಟಿರಬೇಕು. ಮಂಡಿ ಮಡಚಿ ಉಯ್ಯಾಲೆಗೆ ತಲೆಕೆಳಗಾಗಿ ತೂಗಿಕೊಂಡ. ಇನ್ನೊಂದು ಕಡೆ ಎತ್ತರದ ಹಲಗೆಯ ಮೇಲೆ ನಾಲ್ಕು ಜನ. ಅವರಲ್ಲಿ ಇಬ್ಬರು ಹೆಂಗಸರು. ಒಬ್ಬೊಬ್ಬರೂ ಕೈಗೆ ಬಿಳಿ ಪುಡಿ ಉಜ್ಜಿಕೊಂಡು, ಉಸಿರು ಎಳೆದುಕೊಂಡು, ಹೊರಟರು.

ಗ್ಯಾಲರಿಯಲ್ಲಿ ಕೂತರೆ ಒಂದು ಕಾಣುತ್ತದೆ. ಹಾರುವವರು ಕ್ಯಾಚರ್‌ನ ಕೈ ನೋಡುವುದಿಲ್ಲ. ಪಲ್ಟಿ ಹೊಡೆಯುವಾಗ ಎಲ್ಲಿ ನೋಡಕ್ಕಾಗುತ್ತೆ? ಅವರು ಬರುವ ಜಾಗಕ್ಕೆ, ಬರುವ ಹೊತ್ತಿಗೆ, ಇವನ ಕೈ ಇರಬೇಕು ಅಷ್ಟೆ. ಕೈ ಕೈ ಹಿಡಿಯುವುದೂ ಇಲ್ಲ. ಮಣಿಕಟ್ಟಿನ ಮೇಲೆ ಹಿಡಿಯುತ್ತಾರೆ, ಅವನು ಇವರ ಮಣಿಕಟ್ಟು, ಇವರು ಅವನ ಮಣಿಕಟ್ಟು. ಒಬ್ಬರ ಬೆರಳು ಜಾರಿದರೂ ಇನ್ನೊಬ್ಬರದು ಇರಲಿ ಅಂತ. ಹೊರಗಡೆ ಮೂರು ಗೂಟಕ್ಕೆ ಸರಪಳಿ ಬಿಗಿದಿದ್ದ ಲೆಕ್ಕವೇ ಇಲ್ಲೂ ಇದೆ. ಎಲ್ಲಿ ಯಾವುದು ಕೈಕೊಟ್ಟೀತು ಅಂತ ಮೊದಲೇ ಕೂತು ಯೋಚನೆ ಮಾಡಿರುತ್ತಾರೆ.

ಇಬ್ಬರು ಹೆಂಗಸರಲ್ಲಿ ಒಬ್ಬಾಕೆ ಎರಡು ಪಲ್ಟಿ ಹೊಡೆದು ಹೋಗುವಾಗ ಹಿಡಿತ ತಪ್ಪಿತು. ಬಿದ್ದರು. ಬೀಳುವುದರಲ್ಲೂ ಒಂದು ಕ್ರಮ ಇದೆ. ಕಾಲು ಊರಬಾರದು, ಕೈ ಊರಬಾರದು, ಬೆನ್ನು ಕೊಟ್ಟು ಬೀಳಬೇಕು. ಬಲೆ ಎರಡು ಸಲ ಕುಣಿಸಿತು. ಎದ್ದು ಬಲೆಯ ಅಂಚಿಗೆ ನಡೆದು ಬಂದು, ಅಂಚು ಹಿಡಿದು ಲಾಗ ಹಾಕಿ ಕೆಳಗಿಳಿದರು. ಸೀದಾ ಹೋಗಿ ಮತ್ತೆ ಹಗ್ಗದ ಏಣಿ ಹತ್ತಿದರು. ಬ್ಯಾಂಡು ನಿಂತಿತ್ತು. ಎರಡನೇ ಸಲ ಕ್ಯಾಚರ್ ಹಿಡಿದುಕೊಂಡ. ನನ್ನ ಪಕ್ಕ ಕೂತಿದ್ದ ಒಬ್ಬರು, ಇದೆಲ್ಲ ಬೇಕಂತಲೇ ಬೀಳೋದು ಕಣ್ರೀ, ಜನಕ್ಕೆ ಎದೆ ಝಲ್ ಅನ್ನಲಿ ಅಂತ, ಅಂದರು. ಇರಬಹುದು. ಬೇಕಂತಲೇ ಬಿದ್ದರೂ ಬಿದ್ದದ್ದು ಅಷ್ಟು ಎತ್ತರದಿಂದ ತಾನೇ.

ಟ್ರಪೀಸಿಗೆ ಮುಂಚೆ ಒಬ್ಬರು ಹೆಂಗಸು ಬಂದರು. ಇಳಿಜಾರಾದ ಸಣ್ಣ ಮಂಚದ ಮೇಲೆ ಅಂಗಾತ ಮಲಗಿ ಎರಡೂ ಕಾಲು ಮೇಲೆತ್ತಿದರು. ಪಾದದ ಮೇಲೆ ಮೊದಲು ಒಂದು ಡ್ರಮ್ಮು, ಆಮೇಲೆ ಮರದ ಮೇಜು. ಮೇಜನ್ನು ಒಂದು ಮೂಲೆಯ ಮೇಲೆ ನಿಲ್ಲಿಸಿ ಗಿರಗಿರ ತಿರುಗಿಸಿದರು. ಮುಖದಲ್ಲಿ ನಗು ಇಲ್ಲ, ಬಿಗುಮಾನವೂ ಇಲ್ಲ. ಮನೆಗೆಲಸ ಮಾಡುವಾಗ ಇರುವ ಮುಖವೇ. "ನಮ್ಮ ವಯಸ್ಸೇ ಇರಬೇಕು ಅಲ್ವಾ?" ಅಂದಳು ನನ್ನ ಹೆಂಡತಿ. ಅವಳಿಗೆ ಮಂಡಿ ನೋವು. ಗ್ಯಾಲರಿಯ ಮೂರು ಮೆಟ್ಟಿಲು ಹತ್ತುವುದಕ್ಕೆ ನನ್ನ ಭುಜ ಹಿಡಿದಿದ್ದಳು. ಆ ಐಟಂ ಮುಗಿಯುವವರೆಗೂ ಬೇರೆ ಮಾತಾಡಲಿಲ್ಲ.

ಎಲ್ಲವೂ ಚೆನ್ನಾಗಿತ್ತು ಅಂತ ಹೇಳಲಾರೆ. ಮೈಕು ವಿಪರೀತ ಜೋರು. ಗ್ಯಾಲರಿಯ ಹಲಗೆಗೆ ಮೆತ್ತೆ ಇಲ್ಲ. ಜೋಕರ್‌ಗಳನ್ನು ಬಳಸಿಕೊಳ್ಳುವ ರೀತಿ ನನಗೆ ಸರಿಬರಲಿಲ್ಲ. ಕುಳ್ಳಗಿರುವವರನ್ನು ಒದೆಯುವುದು, ಹಲಗೆಯಲ್ಲಿ ಹೊಡೆಯುವುದು, ಅವರ ಎತ್ತರ ಹಿಡಿದು ತಮಾಷೆ ಮಾಡುವುದು. ಅದೇ ಜೋಕರ್‌ಗಳಲ್ಲಿ ಒಬ್ಬ ಆಮೇಲೆ ಕುರ್ಚಿಯ ಮೇಲೆ ಕುರ್ಚಿ ಇಟ್ಟುಕೊಂಡು ತುದಿಯಲ್ಲಿ ಒಂದೇ ಕೈಮೇಲೆ ನಿಂತ. ಹಾಗೆ ನಿಲ್ಲಬಲ್ಲವನನ್ನು ಅಷ್ಟೊತ್ತು ಒದೆ ತಿನ್ನಿಸಿದ್ದು ಯಾಕೆ? ಕಂಪನಿಯವರು ಮತ್ತೆ ಟೆಂಟ್ ಎಬ್ಬಿಸುವುದಾದರೆ ಇದನ್ನು ಮೊದಲು ಬಿಡಬೇಕು.

ಆನೆ ಬದಲು ಒಂದು ಆನೆ ಬೊಂಬೆ ತಂದಿದ್ದಾರೆ. ಒಳಗೆ ಇಬ್ಬರು ಇರುತ್ತಾರೆ. ಸೊಂಡಿಲಿನಿಂದ ಮಕ್ಕಳ ಮೇಲೆ ನೀರು ಚಿಮುಕಿಸುತ್ತದೆ. "ತಾತ, ಆನೆ ಶೂ ಹಾಕ್ಕೊಂಡಿದೆ" ಅಂತ ನನ್ನ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ನೋಡಿದರೆ ನಿಜ, ಹಿಂದಿನ ಕಾಲಲ್ಲಿ ನೀಲಿ ಕ್ಯಾನ್ವಾಸ್ ಶೂ. ಅವಳಿಗೆ ನಿಜವಾದ ಆನೆ ಇಲ್ಲ ಅನ್ನುವ ಕೊರಗೇನೂ ಇರಲಿಲ್ಲ. ಕೊರಗು ಇರುವುದೆಲ್ಲ ನಮ್ಮ ವಯಸ್ಸಿನವರಿಗೆ.

ಇನ್ನೊಂದು ವಿಷಯ, ಇದನ್ನು ಅಪ್ಪ ಅಮ್ಮಂದಿರು ಕೇಳುತ್ತಾರೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಟೆಂಟಿಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಹೋದರು. ಹೆಚ್ಚಿನವರು ಮಕ್ಕಳು. ನಾನಾಗ ಹೈಸ್ಕೂಲು. ಆಮೇಲೆ ಎಷ್ಟೋ ವರ್ಷ ನಮ್ಮವ್ವ ಸರ್ಕಸ್ ಅಂದರೆ ಬೇಡವೇ ಬೇಡ ಅನ್ನುತ್ತಿದ್ದರು. ಹಾಗಾಗಿ ಈ ಟೆಂಟಿನಲ್ಲಿ ಕೂರುವ ಮುಂಚೆ ಹೊರಹೋಗುವ ದಾರಿ ಎಲ್ಲೆಲ್ಲಿದೆ ಅಂತ ಸುತ್ತಿ ನೋಡಿಕೊಂಡೆ. ದಾರಿಗೆ ಅಡ್ಡ ಕುರ್ಚಿ ಇರಲಿಲ್ಲ. ಪಕ್ಕದ ಪರದೆಗಳನ್ನು ಒಂದೇ ಎಳೆತಕ್ಕೆ ಬಿಚ್ಚುವ ಹಾಗೆ ಜಾರುಗಂಟು ಹಾಕಿದ್ದರು. ವೈರುಗಳು ಬಟ್ಟೆಗೆ ತಾಗಿರಲಿಲ್ಲ. ಎಷ್ಟೋ ಮದುವೆ ಪೆಂಡಾಲ್‌ಗಳಲ್ಲಿ ಇಷ್ಟು ಇರುವುದಿಲ್ಲ, ಈ ಮಾತು ಹೇಳುವ ಹಕ್ಕು ನನಗಿದೆ.

ಮತ್ತೆ, ರಿಂಗಿನಲ್ಲಿ ಚಿಕ್ಕ ಮಕ್ಕಳು ಯಾರೂ ಇರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಸರ್ಕಸ್‌ನಲ್ಲಿ ಮಕ್ಕಳನ್ನು ದುಡಿಸಬಾರದು ಅಂತ ಹೇಳಿತು. ಅದಕ್ಕೆ ಮುಂಚೆ ಬಡವರ ಮನೆ ಮಕ್ಕಳನ್ನು, ನೇಪಾಳದ ಹೆಣ್ಣುಮಕ್ಕಳನ್ನು ಹೇಗೆ ತಂದು ಕೂಡಿಹಾಕುತ್ತಿದ್ದರು ಅನ್ನುವುದು ಆಗ ಹೊರಗೆ ಬಂತು. ನಿಂತಿದ್ದು ಒಳ್ಳೆಯದಾಯಿತು. ಹೊಸಬರು ಸಿಗುತ್ತಿಲ್ಲ ಅಂತ ಮ್ಯಾನೇಜರ್ ಗೊಣಗಿದರು. ಸಿಗಬೇಕಾದರೆ ಸಂಬಳ, ವಿಮೆ, ಪಿಂಚಣಿ ಕೊಡಬೇಕು. ಗೊಣಗಿದರೆ ಸಿಗುತ್ತಾರಾ?

ಜನ ಎಷ್ಟಿದ್ದರು ಅಂತ ಕೇಳಿದರೆ ಹೇಳಕ್ಕೇ ಬೇಜಾರು. ಮುಂದಿನ ಕುರ್ಚಿಗಳು ಅಲ್ಲೊಂದು ಇಲ್ಲೊಂದು ತುಂಬಿದ್ದವು. ಗ್ಯಾಲರಿ ಅರ್ಧಕ್ಕರ್ಧ ಖಾಲಿ. 500 ರೂಪಾಯಿವರೆಗಿನ ಸರ್ಕಸ್ ಟಿಕೆಟ್‌ಗೆ ಜಿಎಸ್‌ಟಿ ಇಲ್ಲ ಅಂತ ಸರ್ಕಾರ ರಿಯಾಯಿತಿ ಕೊಟ್ಟಿದೆ, ಸಂತೋಷ. ಟಿಕೆಟ್ ಕೊಳ್ಳುವವರು ಬರಬೇಕಲ್ಲ. 2020ರ ಲಾಕ್‌ಡೌನ್‌ನಲ್ಲಿ ಸರ್ಕಸ್‌ಗಳು ಯಾವ ಊರಿನಲ್ಲಿದ್ದವೋ ಅದೇ ಊರಿನಲ್ಲಿ ಸಿಕ್ಕಿಕೊಂಡವು. ಆಗ ಮದುವೆಗೆ 50 ಜನ ಅಂತ ಮಿತಿ ಹಾಕಿದ್ದರಿಂದ ನನ್ನ ಶಾಮಿಯಾನಗಳೂ ಗೋಡೌನಿನಲ್ಲಿ ಇಲಿ ಪಾಲಾದವು. ನನಗಾದರೆ ರಾತ್ರಿ ಹೋಗಿ ಮಲಗಲು ಮನೆ ಇತ್ತು. ಅವರಿಗೆ ಟೆಂಟೇ ಮನೆ.

ಅಮೆರಿಕದ ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ ನಿಂತ ಕಥೆ ಕೇಳಿರಬಹುದು. 146 ವರ್ಷ ನಡೆದ ಕಂಪನಿ. 2016ರಲ್ಲಿ ಆನೆಗಳನ್ನು ನಿಲ್ಲಿಸಿದರು. ಟಿಕೆಟ್ ಇನ್ನೂ ಕುಸಿಯಿತು. ಬಾಗಿಲು ಹಾಕುತ್ತೇವೆ ಅಂತ ಹೇಳಿದ ಮೇಲೆ, ಇಷ್ಟು ದಿನ ಮನೆಯಲ್ಲಿ ಕೂತಿದ್ದವರು ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದರು. 2017ರ ಮೇ 21ರಂದು ಕೊನೆ ಆಟ. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 2023ರಲ್ಲಿ ಅದೇ ಕಂಪನಿ ಒಂದೂ ಪ್ರಾಣಿ ಇಲ್ಲದೆ ಮತ್ತೆ ಶುರುವಾಯಿತು. ಅವರ ಹಿಂದೆ ದೊಡ್ಡ ದುಡ್ಡಿತ್ತು, ಎದ್ದರು. ನಮ್ಮಲ್ಲಿ ಗೋಡೌನಿಗೆ ಹೋದ ಟಾರ್ಪಾಲಿಗೆ ಆರು ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು.

ಈ ಸರ್ಕಸ್ ಮಂಡ್ಯಕ್ಕೆ ಯಾಕೆ ಬರಲಿಲ್ಲ ಅಂತಲೂ ಕೇಳಿದೆ. ಜನ ಬರಲ್ಲ ಅಂತ ಹೇಳುತ್ತಾರೆ ಅಂದುಕೊಂಡಿದ್ದೆ. ಟೆಂಟಿನ ಹಿರಿಯರು ಹೇಳಿದ್ದು ಬೇರೆ. "ಗೂಟ ಹೊಡೆಯೋಕೆ ಮಣ್ಣೆಲ್ಲಿದೆ ಸಾರ್?" ಅಂದರು. ಇದು ನನ್ನ ಕಸುಬಿನ ಗೋಳೂ ಹೌದು. ಈಗ ಯಾವ ಊರಿನಲ್ಲೂ ಮೈದಾನ ಅಭಿವೃದ್ಧಿ ಅಂದರೆ ಮೊದಲು ಮಾಡುವುದು ಇಂಟರ್‌ಲಾಕ್ ಇಟ್ಟಿಗೆ ಹಾಸುವುದು. ಸುತ್ತ ವಾಕಿಂಗ್ ಟ್ರ್ಯಾಕು, ಮಧ್ಯೆ ಹುಲ್ಲು, ಹುಲ್ಲಿನ ಕೆಳಗೆ ನೀರಿನ ಪೈಪು. ಎಲ್ಲೂ ಗೂಟ ಹೊಡೆಯುವ ಹಾಗಿಲ್ಲ. ಸಣ್ಣ ಶಾಮಿಯಾನವಾದರೆ ನಾವು ಡ್ರಮ್ಮಿಗೆ ನೀರು ತುಂಬಿಸಿ, ಮರಳಿನ ಚೀಲ ಕಟ್ಟಿ ಹೇಗೋ ನಿಲ್ಲಿಸುತ್ತೇವೆ. ಮನುಷ್ಯರು ಜೀವ ತೂಗುಹಾಕುವ ಟ್ರಪೀಸಿನ ತಂತಿಯನ್ನು ಮರಳಿನ ಚೀಲಕ್ಕೆ ಕಟ್ಟಕ್ಕಾಗುತ್ತಾ? ಜೊತೆಗೆ ಪ್ರತಿ ಊರಿನಲ್ಲೂ ಪೊಲೀಸು, ಅಗ್ನಿಶಾಮಕ, ವಿದ್ಯುತ್, ನೀರು, ನೆಲಬಾಡಿಗೆ ಅಂತ ಬೇರೆ ಬೇರೆ ಬಾಗಿಲು ಸುತ್ತಬೇಕು. ಅಷ್ಟೂ ದಿನ ಆಟ ಇಲ್ಲ, ಊಟ ಮಾತ್ರ ಎಲ್ಲರಿಗೂ ಹಾಕಬೇಕು.

ನನ್ನ ಕೋರಿಕೆ ದೊಡ್ಡದೇನಲ್ಲ. ಜಿಲ್ಲೆಗೆ ಒಂದು ಮೈದಾನ ಬರೀ ಮಣ್ಣಾಗಿಯೇ ಇರಲಿ. ಒಂದು ನಲ್ಲಿ, ಒಂದು ಕರೆಂಟು ಪೆಟ್ಟಿಗೆ, ಲಾರಿ ಬರುವಷ್ಟು ಅಗಲದ ಗೇಟು. ಸರ್ಕಸ್ಸು, ಕಂಪನಿ ನಾಟಕ, ಕೃಷಿ ಮೇಳ, ಕುಸ್ತಿ, ಯಾವುದಕ್ಕಾದರೂ ಆಗುತ್ತದೆ. ಅನುಮತಿ ಎಲ್ಲ ಒಂದೇ ಕಡೆ ಸಿಗಲಿ. ಸಂಬಂಧಪಟ್ಟವರು ಇದನ್ನು ಓದಿದರೆ ನನ್ನ ಅಂಗಡಿಗೆ ಬರಲಿ, ಗೂಟ ಎಷ್ಟು ಆಳ ಹೋಗಬೇಕು ಅಂತ ನಾನೇ ಅಳೆದು ತೋರಿಸುತ್ತೇನೆ. ಪತ್ರ ಉದ್ದವಾಯಿತು ಅಂತ ನೀವು ಎಲ್ಲಾದರೂ ಕತ್ತರಿಸುವುದಾದರೆ ಲಂಡನ್ ಕಥೆ ಕತ್ತರಿಸಿ. ಮಣ್ಣಿನ ವಿಷಯ ಮಾತ್ರ ಉಳಿಸಿ.

ಮಂಡ್ಯ ಕಡೆಯಿಂದ ಹೋಗುವವರಿಗೆ ಎರಡು ಮಾತು. ದಿನಕ್ಕೆ ಮೂರು ಆಟ. ಮಧ್ಯಾಹ್ನ ಒಂದಕ್ಕೆ, ನಾಲ್ಕಕ್ಕೆ, ಸಂಜೆ ಏಳಕ್ಕೆ. ಮಕ್ಕಳಿದ್ದರೆ ನಾಲ್ಕರ ಆಟ ಒಳ್ಳೆಯದು. ದುಬಾರಿ ಕುರ್ಚಿ ಬೇಡ, ಅಲ್ಲಿ ಕೂತರೆ ಟ್ರಪೀಸ್ ನೋಡುವಾಗ ಕತ್ತು ನೋಯುತ್ತದೆ. ಗ್ಯಾಲರಿಯ ಮೇಲಿನ ಸಾಲಿನಲ್ಲಿ, ಬ್ಯಾಂಡಿನವರ ಎದುರಿಗೆ ಕೂರಿ. ಕೂರಲು ಒಂದು ಹಳೇ ಬೆಡ್‌ಶೀಟ್ ತಗೊಂಡು ಹೋಗಿ. ಹೆಂಗಸರಿಗೆ ಬಸ್ಸು ಹೇಗೂ ಉಚಿತ. ಆದರೆ ವಾಪಸ್ ಬರುವಾಗ ಕಂಡಕ್ಟರ್‌ನ ಕೇಳಿಯೇ ಹತ್ತಿ. ಬೆಂಗಳೂರಿನ ನಾನ್‌ಸ್ಟಾಪ್ ಬಸ್ಸುಗಳು ಬೈಪಾಸಿನಲ್ಲಿ ಹೋಗಿಬಿಡುತ್ತವೆ, ಮಂಡ್ಯದೊಳಗೆ ಬರುವುದಿಲ್ಲ.

ಇಂತಿ,
ಶಾಮಿಯಾನ ಅಂಗಡಿಯವನು
ಗುತ್ತಲು ರಸ್ತೆ, ಮಂಡ್ಯ